ಮಿಶ್ರಣದ ಲೆಕ್ಕದಲ್ಲಿ ಎರಡನೆಯ ಸಮೀಕರಣ ಎಲ್ಲಿಂದ ಬರುತ್ತದೆ?

ಮೊದಲನೆಯ ಸಮೀಕರಣ ತಾನಾಗಿ ಹೊಳೆಯುತ್ತದೆ, ಎರಡನೆಯದು ಹೊಳೆಯುವುದೇ ಇಲ್ಲ ಎಂದು ಕೇಳಿದ್ದೀರಿ. ಹತ್ತನೆಯ ತರಗತಿಯ ಮಕ್ಕಳಿಗೆ ಮನೆಪಾಠ ಹೇಳುವ ನನಗೆ ಇದು ದಿನನಿತ್ಯದ ಪ್ರಶ್ನೆ. ಸಮೀಕರಣ ಬಿಡಿಸುವ ಆದೇಶ ವಿಧಾನ (ಒಂದರ ಬೆಲೆಯನ್ನು ಇನ್ನೊಂದರಲ್ಲಿ ಇಡುವುದು), ವರ್ಜಿಸುವ ವಿಧಾನ (ಒಂದು ಅಕ್ಷರವನ್ನು ತೆಗೆದುಹಾಕುವುದು) ಎರಡೂ ಅವರಿಗೆ ಬಾಯಿಪಾಠ; ಸಮೀಕರಣ ಬರೆಯಬೇಕಾದಾಗ ಮಾತ್ರ ಪೆನ್ನು ನಿಂತುಬಿಡುತ್ತದೆ.

ಕಾಫಿಪುಡಿ ಅಂಗಡಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಒಂದು ಡಬ್ಬದಲ್ಲಿ ಶೇ. 80 ಕಾಫಿ, ಉಳಿದದ್ದು ಚಿಕೋರಿ. ಇನ್ನೊಂದರಲ್ಲಿ ಶೇ. 60 ಕಾಫಿ. ಎರಡನ್ನೂ ಬೆರೆಸಿ ಶೇ. 65 ಕಾಫಿಯಿರುವ 10 ಕೆಜಿ ಪುಡಿ ಬೇಕು. ಮೊದಲ ಡಬ್ಬದಿಂದ ಅ ಕೆಜಿ, ಎರಡನೆಯದರಿಂದ ಬ ಕೆಜಿ ತೆಗೆದರೆ,

ಅ + ಬ = 10

ಇದು ತಕ್ಕಡಿಯ ಮಾತು. ಇದರ ಕೆಳಗೆ ಹೆಚ್ಚಿನ ಮಕ್ಕಳು 80ಅ + 60ಬ = 65 ಎಂದು ಬರೆಯುತ್ತಾರೆ. ಎಡಗಡೆ ಹತ್ತು ಕಿಲೋ ಪುಡಿ, ಬಲಗಡೆ ಒಂದೇ ಕಿಲೋ ಪುಡಿಯ ಲೆಕ್ಕ! ಶೇಕಡಾವಾರನ್ನು ಹಾಗೆ ಕೂಡಲು ಬರುವುದಿಲ್ಲ, ತೂಕವನ್ನು ಕೂಡಬಹುದು. ಎಷ್ಟೇ ಕಲಸಿದರೂ ಒಳಗಿರುವ ಕಾಫಿಯ ತೂಕ ಹೆಚ್ಚುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ಆದ್ದರಿಂದ ಬರೀ ಕಾಫಿಯನ್ನು ಎಣಿಸಿ; 10 ಕೆಜಿಯಲ್ಲಿ ಶೇ. 65 ಎಂದರೆ 6.5 ಕೆಜಿ:

0.8ಅ + 0.6ಬ = 6.5

ಬ = 10 − ಅ ಎಂದು ಆದೇಶಿಸಿದರೆ 0.2ಅ = 0.5. ಅಂದರೆ ಅ = 2.5, ಬ = 7.5. ತಾಳೆ ನೋಡಿ: ಕಾಫಿ 2 + 4.5 = 6.5 ಕೆಜಿ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಮಿಶ್ರಕ ವ್ಯವಹಾರಕ್ಕೆ, ಅಂದರೆ ಬೆರಕೆಯ ಲೆಕ್ಕಗಳಿಗೆ, ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. ಬೇರೆ ಬೇರೆ ಬಣ್ಣದ (ಅಂದರೆ ಶುದ್ಧತೆಯ ಮಟ್ಟದ) ಚಿನ್ನ ಕರಗಿಸಿ ಬೆರೆಸುವ ಲೆಕ್ಕ ಅಲ್ಲಿದೆ. ತೂಕವನ್ನು ಬಣ್ಣದಿಂದ ಗುಣಿಸಿ ಕೂಡುವ ಆ ಕ್ರಮಕ್ಕೂ ನಮ್ಮ ಎರಡನೆಯ ಸಮೀಕರಣಕ್ಕೂ ವ್ಯತ್ಯಾಸವೇ ಇಲ್ಲ. ನನಗೆ ಇದು ಬಹಳ ಹೆಮ್ಮೆಯ ವಿಷಯ.

ಬಿಡಿಸುವ ಮೊದಲೇ ಉತ್ತರವನ್ನು ಅಂದಾಜು ಮಾಡಿ. 65 ಇರುವುದು 60ರ ಹತ್ತಿರ, ಹಾಗಾಗಿ ಎರಡನೆಯ ಡಬ್ಬದ ಪುಡಿಯೇ ಹೆಚ್ಚು ಬೇಕು. ಇದೇ ಡಬ್ಬಗಳಿಂದ ಶೇ. 85 ಕೇಳಿದರೆ ಬ = −2.5 ಬರುತ್ತದೆ, ಅಂಥ ಪುಡಿಯನ್ನು ಯಾವ ಅಂಗಡಿಯವನೂ ಬೆರೆಸಲಾರ.

ಈಗ ನೀವೇ ಒಂದು ಬಿಡಿಸಿ. ಶೇ. 80 ಕಾಫಿಯಿರುವ 5 ಕೆಜಿ ಪುಡಿಗೆ ಬರೀ ಚಿಕೋರಿ ಸೇರಿಸಿ ಶೇ. 60ಕ್ಕೆ ಇಳಿಸಬೇಕು. ಒಂದು ಕಿಲೋ ಸಾಕು ಎಂದು ಮನಸ್ಸು ಹೇಳುತ್ತದೆ, ಸಾಲುವುದಿಲ್ಲ. ಕಾಫಿ 4 ಕೆಜಿಯಷ್ಟೇ ಉಳಿಯುತ್ತದೆ ಎಂಬಲ್ಲಿಂದ ಶುರುಮಾಡಿ.