ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ, ಜೊತೆಗೆ ಸರ್ಕಾರಿ ಗುತ್ತಿಗೆಯೂ ಇದೆ. ವಿಧಾನಸಭೆಗೆ ನಿಲ್ಲಬಹುದೇ?

ದಲಾಲಿ ಅಂಗಡಿಯಿಂದ ತೊಂದರೆಯಿಲ್ಲ, ಗುತ್ತಿಗೆಯನ್ನು ನೋಡಿಕೊಳ್ಳಿ. ಪ್ರಜಾ ಪ್ರಾತಿನಿಧ್ಯ ಕಾಯ್ದೆ, 1951ರ ಕಲಂ 9ಎ ಪ್ರಕಾರ ರಾಜ್ಯ ಸರ್ಕಾರಕ್ಕೆ ಮಾಲು ಪೂರೈಸುವ ಇಲ್ಲವೇ ಕಾಮಗಾರಿ ಮಾಡುವ ಕರಾರು ಚಾಲ್ತಿಯಲ್ಲಿದ್ದರೆ ನೀವು ಅನರ್ಹರು. ಕೆಲಸ ಪೂರ್ತಿ ಮುಗಿದು ಬಿಲ್ ಮಾತ್ರ ಬಾಕಿಯಿದ್ದರೆ ಅಡ್ಡಿಯಿಲ್ಲ, ಆದರೆ ಕೆಲಸ ಮುಗಿದಿದೆ ಎಂದು ಇಲಾಖೆಯಿಂದ ಮೊದಲೇ ಬರೆಸಿಕೊಳ್ಳಿ. ನಾಮಪತ್ರ ಪರಿಶೀಲನೆಯ ದಿನ ಎದುರಾಳಿಗಳು ತಕರಾರು ತೆಗೆಯುವುದು ಇಂಥದಕ್ಕೇ.

ವಯಸ್ಸು 25 ತುಂಬಿರಬೇಕು, ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರಾಗಿರಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ (ನಾಮಪತ್ರದಲ್ಲಿ ನಿಮ್ಮ ಹೆಸರು ಸೂಚಿಸಿ ಸಹಿ ಹಾಕುವ ಮತದಾರ) ಸಾಕು, ಪಕ್ಷೇತರರಿಗೆ 10 ಮಂದಿ ಬೇಕು. ಸೂಚಕರೆಲ್ಲ ಅದೇ ಕ್ಷೇತ್ರದವರಿರಬೇಕು. ಆಸ್ತಿ, ಸಾಲ, ಮೊಕದ್ದಮೆಗಳ ವಿವರ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡಬೇಡಿ, ಏನೂ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ.

ವ್ಯಾಪಾರಸ್ಥರು ಎಡವುವುದು ಲೆಕ್ಕದಲ್ಲಿ. ಪೆಂಡಾಲಿನವನಿಗೆ ಅಂಗಡಿಯ ಗಲ್ಲಾದಿಂದಲೇ ದುಡ್ಡು ಎತ್ತಿಕೊಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮುಂಚೆ ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆದು, ಎಲ್ಲ ಖರ್ಚನ್ನೂ ಅದರಿಂದಲೇ ಮಾಡಿ. ಮಿತಿ 40 ಲಕ್ಷ. ಒಬ್ಬರಿಗೆ ನಗದಾಗಿ ಕೊಡುವುದು ಒಟ್ಟು 10,000 ದಾಟಬಾರದು. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸದಿದ್ದರೆ 3 ವರ್ಷ ಅನರ್ಹತೆ ಬೀಳಬಹುದು.

ನನ್ನನ್ನು ಕೇಳಿದರೆ, ಮೊದಲು ಎಪಿಎಂಸಿಗೆ ವರ್ತಕರ ಕ್ಷೇತ್ರದಿಂದ ಗೆದ್ದು ಬನ್ನಿ.