ಓದುಗರ ಪ್ರಶ್ನೆ: ಈ ಹೌಸ್ ಅಂದ್ರೆ ಮನೆ ಅಲ್ಲ, ಗೋದಾಮು

ಪ್ರಶ್ನೆ: ಮಗ ಇಂಜಿನಿಯರಿಂಗ್ ಮುಗಿಸಿ, ಈಗ ಡಿಜೆ ಆಗ್ತೀನಿ ಅಂತ ಕೂತಿದ್ದಾನೆ. ಯಾರೋ ಹಾಡಿದ್ದನ್ನು ಬಟನ್ ಒತ್ತಿ ಬಿಡೋದೂ ಒಂದು ಕಲೆನಾ? ಕೇಳಿದ್ರೆ ‘ಹೌಸ್ ಮ್ಯೂಸಿಕ್’ ಅಂತಾನೆ. ಅಂದ್ರೆ ಮನೇಲಿ ಹಾಕ್ಕೊಳ್ಳೋ ಸಂಗೀತವಾ? ಹಾಗಿದ್ರೆ ನಮ್ಮನೇಲಿ ಅದು ದಿನಾ ಇದೆ, ಅಕ್ಕಪಕ್ಕದವರೂ ಕೇಳ್ತಿದ್ದಾರೆ.
(ಒಬ್ಬ ತಾಯಿ, ಧಾರವಾಡ)

ಉತ್ತರ: ನಗು ಬಂತು ಅಕ್ಕಾ. ಆದರೆ ಆ ಹೌಸ್ ಮನೆ ಅಲ್ಲ, ಗೋದಾಮು. ಅಮೆರಿಕದ ಶಿಕಾಗೋದ ಜೆಫರ್ಸನ್ ಸ್ಟ್ರೀಟ್‌ನಲ್ಲಿ 1977ರಲ್ಲಿ ‘ವೇರ್‌ಹೌಸ್’ ಅನ್ನೋ ಕ್ಲಬ್ ಶುರುವಾಯಿತು. ಅಲ್ಲಿ ಡಿಜೆ ಆಗಿದ್ದವನು ಫ್ರ್ಯಾಂಕಿ ನಕಲ್ಸ್. ಅಲ್ಲಿ ಕುಣಿದ ಹುಡುಗರು ಆ ಹಾಡುಗಳನ್ನು ರೆಕಾರ್ಡ್ ಅಂಗಡಿಗೆ ಹೋಗಿ ಹುಡುಕುತ್ತಿದ್ದರು. ಅಂಗಡಿಯವರೂ ಅಂಥ ರೆಕಾರ್ಡುಗಳಿಗೆ ವೇರ್‌ಹೌಸ್ ಹೆಸರಿನ ಚೀಟಿ ಹಚ್ಚಿದರು. ಬರಬರುತ್ತಾ ‘ವೇರ್’ ಉದುರಿಹೋಗಿ ‘ಹೌಸ್’ ಉಳಿಯಿತು. ಹೆಸರಿಗೆ ಬೇರೆ ಕಥೆಗಳೂ ಇವೆ, ಜಾಸ್ತಿ ಜನ ಹೇಳೋದು ಇದನ್ನೇ.

ನಕಲ್ಸ್ ಶಿಕಾಗೋದವನಲ್ಲ. 1955ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದವನು, ಗೆಳೆಯ ಲ್ಯಾರಿ ಲೆವಾನ್ ಜೊತೆ ಅಲ್ಲಿನ ಕ್ಲಬ್ಬುಗಳಲ್ಲೇ ಕೆಲಸ ಕಲಿತವನು. ಶಿಕಾಗೋದಿಂದ ಕರೆ ಬಂದಿದ್ದೂ ಮೊದಲು ಲೆವಾನ್‌ಗೆ. ಆತ ಒಲ್ಲೆ ಅಂದ, ಇವನು ಹೊರಟ. ವೇರ್‌ಹೌಸ್‌ಗೆ ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೋ ಸಲಿಂಗಿ ಯುವಕರು. ಬೇರೆ ಕಡೆ ಬಾಗಿಲಲ್ಲೇ ಮುಖ ನೋಡಿ ವಾಪಸ್ ಕಳಿಸುತ್ತಿದ್ದ ಕಾಲ ಅದು. ಇಲ್ಲಿ ಶನಿವಾರ ರಾತ್ರಿ ಶುರುವಾದ ಕುಣಿತ ಭಾನುವಾರ ಬೆಳಗಾದರೂ ನಿಲ್ಲುತ್ತಿರಲಿಲ್ಲ.

ಈಗ ನಿಮ್ಮ ‘ಬಟನ್ ಒತ್ತೋದು’ ವಿಷಯಕ್ಕೆ ಬರ್ತೀನಿ. ನಕಲ್ಸ್ ಹಾಕುತ್ತಿದ್ದದ್ದು ಹೆಚ್ಚಾಗಿ ಡಿಸ್ಕೋ, ಅಂದ್ರೆ ಆಗಿನ ಕುಣಿತದ ಹಾಡುಗಳು. 1979ರ ಜುಲೈ 12ರಂದು ಅದೇ ಶಿಕಾಗೋದ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ, ಡಿಸ್ಕೋ ಕಂಡರೆ ಆಗದವರೆಲ್ಲ ಸೇರಿ ಡಿಸ್ಕೋ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು, ಆಮೇಲೆ ಜನ ಮೈದಾನಕ್ಕೇ ನುಗ್ಗಿ ಆ ದಿನದ ಎರಡನೇ ಪಂದ್ಯವನ್ನೇ ಆಡೋಕಾಗಲಿಲ್ಲ. ದೊಡ್ಡ ಕಂಪನಿಗಳು ಡಿಸ್ಕೋದಿಂದ ಕೈ ತೆಗೆಯತೊಡಗಿದವು. ಹೊಸ ರೆಕಾರ್ಡು ಕಡಿಮೆ, ಕುಣಿಯೋ ಜನ ಮಾತ್ರ ಅಷ್ಟೇ ಇದ್ದಾರೆ. ಡಿಜೆ ಏನು ಮಾಡಬೇಕು ಹೇಳಿ? ನಕಲ್ಸ್ ಹಳೆಯ ಹಾಡನ್ನೇ ಟೇಪಿಗೆ ಇಳಿಸಿಕೊಂಡು, ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದ. ಜನ ಹುಚ್ಚೆದ್ದು ಕುಣಿಯುವ ಆ ಒಂದು ತುಣುಕು ಎರಡು ಪಟ್ಟು, ನಾಲ್ಕು ಪಟ್ಟು ಉದ್ದವಾಗುತ್ತಿತ್ತು. ಸುಮ್ನೆ ಹಾಡು ಹಾಕೋದೇ ಆಗಿದ್ದರೆ ಆ ಗೋದಾಮಿಗೆ ಒಂದು ಟೇಪ್ ರೆಕಾರ್ಡರ್ ಸಾಕಿತ್ತು, ಅಲ್ವಾ?

ಜನ ಹೆಚ್ಚಾದ ಮೇಲೆ ವೇರ್‌ಹೌಸ್‌ನವರು ಟಿಕೆಟ್ ದರ ಏರಿಸಿದರು. ನಕಲ್ಸ್ ಅಲ್ಲಿಂದ ಎದ್ದುಬಂದು ‘ಪವರ್ ಪ್ಲಾಂಟ್’ ಅಂತ ತನ್ನದೇ ಕ್ಲಬ್ ತೆರೆದ. ಡೆಟ್ರಾಯಿಟ್‌ನ ಡಿಜೆ ಡೆರಿಕ್ ಮೇ ಹತ್ತಿರ ಒಂದು ರೋಲ್ಯಾಂಡ್ ಟಿಆರ್-909 ಡ್ರಮ್ ಮಷಿನ್ ಕೊಂಡ. ಹಳೆಯ ಹಾಡಿನ ಕೆಳಗೆ ಆ ಮಷಿನ್ನಿನ ಧಡ್ ಧಡ್ ಸೇರಿತು. ನಿಮ್ಮ ಮಗನ ಕೋಣೆಯ ಗೋಡೆ ಅದುರುತ್ತಲ್ಲ, ಅದರ ಬೇರು ಇದು.

ಹೊಟ್ಟೆಪಾಡಿನ ಲೆಕ್ಕ ಮಾತ್ರ ಬೇರೆ. ನಕಲ್ಸ್‌ಗೆ ಗ್ರ್ಯಾಮಿ ಬಂದಿದ್ದು 1998ರಲ್ಲಿ, ಶಿಕಾಗೋಗೆ ಹೋಗಿ 21 ವರ್ಷಕ್ಕೆ. ಮಗನಿಗೆ ಇದನ್ನೂ ಹೇಳಿ. 2014ರಲ್ಲಿ ನಕಲ್ಸ್ ತೀರಿಕೊಂಡ. ಆ ಗೋದಾಮು ಈಗಲೂ ಇದೆ, 2023ರಲ್ಲಿ ನಗರದವರು ಅದನ್ನು ಸಂರಕ್ಷಿತ ಕಟ್ಟಡ ಮಾಡಿದರು.

ಪ್ರಶ್ನೆ: ಡಿಜೆಗಳು ಹೆಡ್‌ಫೋನನ್ನು ಒಂದೇ ಕಿವಿಗೆ ಯಾಕೆ ಹಿಡ್ಕೊಂಡಿರ್ತಾರೆ? ಸ್ಟೈಲಾ?
(ಒಬ್ಬ ವಿದ್ಯಾರ್ಥಿ, ತುಮಕೂರು)

ಉತ್ತರ: ಸ್ವಲ್ಪ ಸ್ಟೈಲೂ ಹೌದು ಅನ್ನಿ. ಆದರೆ ಕೆಲಸ ಇರೋದು ಆ ಕಿವಿಯಲ್ಲೇ. ಸಭಾಂಗಣದಲ್ಲಿ ಕೇಳುತ್ತಿರೋದು ಈಗಿನ ಹಾಡು, ಹೆಡ್‌ಫೋನಿನಲ್ಲಿರೋದು ಮುಂದಿನದು. ಎರಡರ ವೇಗ ಒಂದೇ ಇರಲ್ಲ. ಒಂದು ನಿಮಿಷಕ್ಕೆ 120 ಪೆಟ್ಟು, ಇನ್ನೊಂದು 124 ಅಂತಿಟ್ಟುಕೊಳ್ಳಿ. ಮುಂದಿನದರ ವೇಗ ಹೊಂದಿಸಿ, ಪೆಟ್ಟಿನ ಮೇಲೆ ಪೆಟ್ಟು ಸರಿಯಾಗಿ ಕೂರಿಸಿ, ಆಮೇಲೆ ಹೊರಗೆ ಬಿಡಬೇಕು. ಈಗಿನ ಯಂತ್ರಗಳಲ್ಲಿ ಇದನ್ನು ‘ಸಿಂಕ್’ ಅನ್ನೋ ಬಟನ್ನೇ ಮಾಡಿಬಿಡುತ್ತೆ. ಧಾರವಾಡದ ಅಕ್ಕನಿಗೆ ಮಾತ್ರ ಇದನ್ನು ಹೇಳಬೇಡಿ.