ಪ್ರತಿಕ್ರಿಯೆ: ಸಂಜೆಯಾದರೆ 1040 ದೋಷ

ನಮಸ್ಕಾರ. ಚಿಕ್ಕಪೇಟೆಯ ಬಟ್ಟೆ ಅಂಗಡಿಯ ಬಿಲ್ಲಿಂಗ್ ತಂತ್ರಾಂಶ ಬೆಳಿಗ್ಗೆ ಸರಿಯಿದ್ದು, ಸಂಜೆಯ ಹೊತ್ತಿಗೆ ಮೈಎಸ್‌ಕ್ಯುಎಲ್ ಡೇಟಾಬೇಸ್ 1040 ದೋಷ ತೋರಿಸಿ ‘ಟೂ ಮೆನಿ ಕನೆಕ್ಷನ್ಸ್’ (ಸಂಪರ್ಕಗಳು ಮಿತಿ ಮೀರಿವೆ) ಎನ್ನುತ್ತದೆ, ಸಂಪರ್ಕಗಳ ಮಿತಿಯನ್ನು 500ಕ್ಕೆ ಏರಿಸಲೇ ಎಂದು ಕೇಳಿದ್ದೀರಿ. ಬೇಡ. ಸೋರುವ ನಲ್ಲಿಗೆ ದೊಡ್ಡ ಬಕೆಟ್ ಇಟ್ಟಂತಾದೀತು.

ಮೂಲ ಮಿತಿ 151. ಅಂಗಡಿಯೊಂದಕ್ಕೆ ಅದೇ ಧಾರಾಳ. ಮುಂದಿನ ಸಲ ಸರ್ವರನ್ನು ಮರುಚಾಲನೆ ಮಾಡುವ ಮೊದಲು ರೂಟ್ (ನಿರ್ವಾಹಕರ) ಖಾತೆಯಿಂದ ಒಳಹೋಗಿ, ಸದ್ಯದ ಸಂಪರ್ಕಗಳ ಪಟ್ಟಿ ತೋರಿಸುವ ‘ಶೋ ಪ್ರೊಸೆಸ್‌ಲಿಸ್ಟ್’ ಆದೇಶ ಕೊಡಿ. ಮಿತಿ ತುಂಬಿದರೂ ನಿರ್ವಾಹಕರಿಗೆ ಒಂದು ಸಂಪರ್ಕ ಮೀಸಲಿರುತ್ತದೆ. (ತಂತ್ರಾಂಶವೂ ರೂಟ್ ಖಾತೆಯನ್ನೇ ಬಳಸುತ್ತಿದ್ದರೆ ಆ ಮೀಸಲೂ ಕೈಬಿಟ್ಟಿತೆನ್ನಿ, ದಯವಿಟ್ಟು ಬೇರೆ ಖಾತೆ ಮಾಡಿ.) ಸಾಲುಸಾಲಾಗಿ ‘ಸ್ಲೀಪ್’ (ಕೆಲಸವಿಲ್ಲದೆ ಸುಮ್ಮನಿರುವ ಸಂಪರ್ಕ), ಪಕ್ಕದಲ್ಲಿ ಸಾವಿರಾರು ಸೆಕೆಂಡು ಕಂಡರೆ, ತೆರೆದ ಸಂಪರ್ಕಗಳನ್ನು ಕೋಡ್ ಮುಚ್ಚುತ್ತಿಲ್ಲ. ಸುಮ್ಮನಿರುವ ಸಂಪರ್ಕವನ್ನು ಸರ್ವರ್ ತಾನೇ ಮುಚ್ಚುವ ಮುನ್ನ ಕಾಯುವ ಅವಧಿ, ‘ವೇಟ್ ಟೈಮ್‌ಔಟ್’, ಮೂಲತಃ 28,800 ಸೆಕೆಂಡು, ಅಂದರೆ 8 ಗಂಟೆ. ಬೆಳಿಗ್ಗೆ ಹನ್ನೊಂದಕ್ಕೆ ಬಿಟ್ಟ ಸಂಪರ್ಕ ಸಂಜೆ ಏಳರವರೆಗೂ ಕುಳಿತಿರುತ್ತದೆ. ನಿಮ್ಮ ಸಂಜೆಯ ಗುಟ್ಟು ಬಹುಶಃ ಇದೇ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಬಿಲ್ ರದ್ದಾದಾಗ ಮಾತ್ರ ಹೀಗಾಗುತ್ತಿತ್ತು: ದೋಷ ಎದ್ದೊಡನೆ ಕೋಡ್ ಸಂಪರ್ಕ ಮುಚ್ಚುವ ‘ಕ್ಲೋಸ್’ ಸಾಲನ್ನು ತಲುಪದೆಯೇ ಹೊರಬೀಳುತ್ತಿತ್ತು. ಆ ಸಾಲನ್ನು, ದೋಷ ಬಂದರೂ ತಪ್ಪದೆ ಓಡುವ ‘ಫೈನಲಿ’ ಭಾಗಕ್ಕೆ ಸರಿಸಿದೆವು, ಕಾಟ ತಪ್ಪಿತು.

‘ಸ್ಲೀಪ್’ ಬದಲು ‘ಕ್ವೆರಿ’ (ಇನ್ನೂ ಓಡುತ್ತಿರುವ ಪ್ರಶ್ನೆ) ಎಂದೇ ತುಂಬಿದ್ದರೆ ಕತೆ ಬೇರೆ. ದಿನದ ಮಾರಾಟದ ವರದಿಯಲ್ಲಿ ದಿನಾಂಕದ ಕಾಲಂ ಅನ್ನು ‘ಡೇಟ್’ ಫಂಕ್ಷನ್ನಿನೊಳಗೆ ಸುತ್ತಿದ್ದೀರಾ ನೋಡಿ. ಹಾಗೆ ಸುತ್ತಿದರೆ ಆ ಕಾಲಂನ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಇಂದಿನ ಮಧ್ಯರಾತ್ರಿಯಿಂದ ನಾಳಿನ ಮಧ್ಯರಾತ್ರಿಗೆ ಮುಂಚೆ ಎಂದು ವ್ಯಾಪ್ತಿ ಕೊಟ್ಟು, ಪ್ರಶ್ನೆ ಹೇಗೆ ಓಡುತ್ತದೆಂದು ತೋರಿಸುವ ‘ಎಕ್ಸ್‌ಪ್ಲೇನ್’ ಆದೇಶ ಏನು ಹೇಳುತ್ತದೆಂದು ಇಲ್ಲಿ ಹಾಕಿ.